ಉಮ್ಮು ಸಲಮಾರ ಪ್ರಶ್ನೆ ಮತ್ತು ನಮ್ಮ ಹೆಣ್ಮಕ್ಕಳ ತರಗತಿ

"ನಿಮ್ಮಲ್ಲಿ ಹೆಂಗಸರಿಗೆ ಸ್ವಾತಂತ್ರ್ಯವೇ ಇಲ್ವಂತೆ, ಹೌದಾ?"

ಶಾಲೆಯಲ್ಲೋ ಬಸ್ಸಿನಲ್ಲೋ ಈ ಪ್ರಶ್ನೆ ಎದುರಿಸದ ಮುಸ್ಲಿಮ್ ಹುಡುಗಿ ಅಪರೂಪ. ಕೇಳುವವರೆಲ್ಲ ಕೆಟ್ಟ ಮನಸ್ಸಿನಿಂದ ಕೇಳುತ್ತಾರೆಂದಲ್ಲ, ಹಲವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಆದರೆ ಹುಡುಗಿಯ ಬಳಿ ಹೆಚ್ಚಾಗಿ ಇರುವುದು ಎರಡೇ ದಾರಿ. 'ಇಸ್ಲಾಮ್ ಸ್ತ್ರೀಗೆ ಎಲ್ಲ ಹಕ್ಕುಗಳನ್ನೂ ಎಂದೋ ಕೊಟ್ಟಿದೆ' ಎಂದು ಬಾಯಿಪಾಠ ಒಪ್ಪಿಸುವುದು, ಇಲ್ಲವೇ ತಲೆ ತಗ್ಗಿಸಿ ಸುಮ್ಮನಾಗುವುದು. ಬಾಯಿಪಾಠ ಒಪ್ಪಿಸುವಾಗಲೂ ಅವಳ ಮನಸ್ಸಿಗೆ ಸಮಾಧಾನವಿರದು. ಕುರ್‌ಆನ್ ನಿಗದಿಪಡಿಸಿದ್ದರೂ ತನ್ನ ಅತ್ತೆಯ ಕೈಗೆ ಎಂದೂ ಬಾರದ ಆಸ್ತಿಯ ಪಾಲು ಅವಳಿಗೆ ನೆನಪಾಗುತ್ತದೆ.

ಮೂರನೆಯ ದಾರಿಯೊಂದಿದೆ. ಅದು ಧರ್ಮದ ಒಳಗೇ ನಿಂತು ಪ್ರಶ್ನಿಸುವ ದಾರಿ. ಪ್ರವಾದಿ(ಸ)ರ ಪತ್ನಿ ಹ. ಉಮ್ಮು ಸಲಮಾ(ರ), 'ಕುರ್‌ಆನ್‌ನಲ್ಲಿ ಪುರುಷರ ಪ್ರಸ್ತಾಪವಿರುವಂತೆ ನಮ್ಮ ಪ್ರಸ್ತಾಪ ಏಕಿಲ್ಲ?' ಎಂದು ಪ್ರವಾದಿಯವರಲ್ಲೇ ಕೇಳಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಅದಕ್ಕೆ ಉತ್ತರವಾಗಿ ಅವತೀರ್ಣವಾದ ಸೂಕ್ತದಲ್ಲಿ (33:35) ಸ್ತ್ರೀಯರನ್ನೂ ಪುರುಷರನ್ನೂ ಹತ್ತು ಗುಣಗಳಲ್ಲಿ ಅಕ್ಕಪಕ್ಕದಲ್ಲೇ ಹೆಸರಿಸಲಾಗಿದೆ. ನಾವು ಮಕ್ಕಳಿಗೆ ಸೂಕ್ತವನ್ನು ಕಲಿಸುತ್ತೇವೆ, ಅದಕ್ಕೆ ಕಾರಣವಾದ ಪ್ರಶ್ನೆಯನ್ನು ಮಾತ್ರ ಏಕೋ ಬಿಟ್ಟುಬಿಡುತ್ತೇವೆ.

ಇಂದು 'ಇಸ್ಲಾಮೀ ಸ್ತ್ರೀವಾದ' ಎಂದು ಕರೆಯಲ್ಪಡುವ ಚಿಂತನೆ ಈ ಪ್ರಶ್ನೆಯ ಮುಂದುವರಿಕೆ ಎನ್ನಬಹುದು. ಹೆಸರಿನ ಬಗ್ಗೆ ತಕರಾರು ಇದ್ದೇ ಇದೆ. ಕುರ್‌ಆನನ್ನು ಸ್ತ್ರೀಯ ದೃಷ್ಟಿಯಿಂದ ಓದಿದ ಪಾಕಿಸ್ತಾನ ಮೂಲದ ಅಸ್ಮಾ ಬರ್ಲಾಸ್ ಕೂಡ ತಮಗೆ ಆ ಹಣೆಪಟ್ಟಿ ಹಚ್ಚುವುದನ್ನು ವಿರೋಧಿಸಿದವರು. ಆಮಿನಾ ವದೂದ್ 2005ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ತ್ರೀಪುರುಷರ ಜುಮಾ ನಮಾಝಿಗೆ ನೇತೃತ್ವ ನೀಡಿದ್ದನ್ನು ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. ಆ ಒಂದು ಘಟನೆಯ ಗದ್ದಲದಲ್ಲಿ 1992ರಲ್ಲಿ ಮಲೇಶ್ಯದಿಂದ ಪ್ರಕಟವಾದ ಅವರ ಕುರ್‌ಆನ್ ಅಧ್ಯಯನವನ್ನು ಓದದೆಯೇ ತಳ್ಳಿಹಾಕಿದವರು ಬಹಳ. ಒಪ್ಪುವುದು ಬಿಡುವುದು ಓದಿದ ಮೇಲಿನ ಮಾತು.

ಇದಕ್ಕೂ ಶಾಲೆಗೂ ಏನು ಸಂಬಂಧ? ಸ್ಪೇನ್ ದೇಶವನ್ನು ನೋಡಿ. ಮೊರೊಕ್ಕೊದಿಂದ ಕೇವಲ 14 ಕಿಲೋಮೀಟರ್ ಅಗಲದ ಜಲಸಂಧಿ ದಾಟಿದರೆ ಸ್ಪೇನ್. ಅಲ್ಲಿನ ತರಗತಿಗಳಲ್ಲಿ ಮೊರೊಕ್ಕೊ ಮೂಲದ ಮಕ್ಕಳು ಬಹಳ. ಭಿನ್ನ ಸಂಸ್ಕೃತಿಯ ಮಕ್ಕಳು ಪರಸ್ಪರರನ್ನು ಅರಿಯಬೇಕೆಂದು ಯುರೋಪಿನ ಶಾಲೆಗಳಲ್ಲಿ 'ಅಂತರ್‌ಸಾಂಸ್ಕೃತಿಕ ಶಿಕ್ಷಣ'ವೆಂಬುದಿದೆ. ಎಷ್ಟೋ ಕಡೆ ಅದು ಒಂದು ದಿನ ಕುಸ್‌ಕುಸ್ ತಿಂದು ಮೆಹಂದಿ ಹಚ್ಚಿಕೊಳ್ಳುವಲ್ಲಿಗೆ ಮುಗಿಯುತ್ತದೆ. (ನಮ್ಮ ಶಾಲೆಗಳ ವೇಷಭೂಷಣ ಸ್ಪರ್ಧೆಯ ಹಾಗೆ!) ಮೆಹಂದಿ ಮಾಸಿದ ಮೇಲೆ 'ಪಾಪ, ಶೋಷಿತೆ' ಎಂಬ ಹಳೆಯ ಚಿತ್ರವೇ ಉಳಿಯುತ್ತದೆ. 2005ರ ಅಕ್ಟೋಬರ್‌ನಲ್ಲಿ ಇಸ್ಲಾಮೀ ಸ್ತ್ರೀವಾದದ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ಬಾರ್ಸಿಲೋನಾದಲ್ಲಿ ನಡೆಯಿತು. ಅಲ್ಲಿ ಮುಸ್ಲಿಮ್ ಮಹಿಳೆಯರೇ ವೇದಿಕೆಯಲ್ಲಿದ್ದು ಮಾತಾಡಿದರು.

ಆ ತರಗತಿಯಲ್ಲಿ ಮೊರೊಕ್ಕೊದ ಕುಟುಂಬ ಕಾನೂನಿನ ಕಥೆಯನ್ನು ಪಾಠ ಮಾಡಿದರೆ ಹೇಗೆ? 1992ರಲ್ಲಿ ಅಲ್ಲಿನ ಮಹಿಳೆಯರು ಕಾನೂನು ಬದಲಿಸಬೇಕೆಂದು ಹತ್ತು ಲಕ್ಷ ಸಹಿಗಳ ಆಂದೋಲನ ಹೂಡಿದರು. 2000ದ ಮಾರ್ಚ್ 12ರಂದು ಸುಧಾರಣೆಯ ಪರವಾಗಿ ರಬಾತ್‌ನಲ್ಲಿ, ವಿರುದ್ಧವಾಗಿ ಕಾಸಾಬ್ಲಾಂಕಾದಲ್ಲಿ ಒಂದೇ ದಿನ ಬೃಹತ್ ಮೆರವಣಿಗೆಗಳು ನಡೆದವು. ಎರಡರಲ್ಲೂ ಮಹಿಳೆಯರಿದ್ದರು. 2004ರಲ್ಲಿ ಹೊಸ 'ಮುದವ್ವನ' ಬಂತು. ಹುಡುಗಿಯ ವಿವಾಹದ ವಯಸ್ಸು 15ರಿಂದ 18ಕ್ಕೇರಿತು. ಮನೆಯ ಹೊಣೆ ಗಂಡಹೆಂಡಿರಿಬ್ಬರದೂ ಆಯಿತು. ತಲಾಕ್‌ಗೂ ಎರಡನೇ ಮದುವೆಗೂ ನ್ಯಾಯಾಲಯದ ಒಪ್ಪಿಗೆ ಬೇಕಾಯಿತು. ಪ್ರೌಢ ಹೆಣ್ಣು ವಲಿಯಿಲ್ಲದೆಯೇ ನಿಕಾಹ್ ಮಾಡಿಕೊಳ್ಳಬಹುದೆಂದಾಯಿತು. ಕರಾವಳಿಯ ನಮ್ಮ ಶಾಫಿಈ ಮನೆಗಳಿಗೆ ಇದು ವಿಚಿತ್ರವೆನಿಸಬಹುದು, ಆದರೆ ಹನಫಿ ಮದ್‌ಹಬ್‌ನಲ್ಲಿ ಈ ಅಭಿಪ್ರಾಯ ಹಿಂದಿನಿಂದಲೂ ಇದೆ. ಇದೆಲ್ಲವನ್ನೂ ಕುರ್‌ಆನ್ ಮತ್ತು ಹದೀಸ್‌ಗಳ ಆಧಾರದಲ್ಲೇ ಸಮರ್ಥಿಸಲಾಯಿತು ಎಂಬುದು ಗಮನಾರ್ಹ.

ಈ ಪಾಠ ಕೇಳಿದ ಮೊರೊಕ್ಕೊ ಮೂಲದ ಹುಡುಗಿ ಹಕ್ಕುಗಳ ಬಗ್ಗೆ ಮಾತಾಡಲು ತನ್ನ ಉಮ್ಮನ ಧರ್ಮವನ್ನು ಅಲ್ಲಗಳೆಯಬೇಕಾಗಿಲ್ಲ. ಅವಳ ಸ್ಪ್ಯಾನಿಷ್ ಗೆಳತಿಗೂ ಇದರಲ್ಲಿ ಪಾಠವಿದೆ. 1975ರ ಮೇ ತಿಂಗಳ ತನಕ ಸ್ಪೇನ್‌ನಲ್ಲಿ ವಿವಾಹಿತ ಮಹಿಳೆ ಉದ್ಯೋಗಕ್ಕೆ ಸೇರಲು, ಆಸ್ತಿ ವ್ಯವಹಾರ ನಡೆಸಲು ಗಂಡನ ಅನುಮತಿ ಬೇಕಿತ್ತು. ವಿಚ್ಛೇದನದ ಹಕ್ಕು ಮರಳಿ ಬಂದದ್ದು 1981ರಲ್ಲಿ. ಇಸ್ಲಾಮೀ ಕಾನೂನಿನಲ್ಲಾದರೋ ಪತ್ನಿಯ ಸೊತ್ತು ಮೊದಲಿನಿಂದಲೂ ಪತ್ನಿಯದೇ. ಇಬ್ಬರೂ ತಂತಮ್ಮ ಅಜ್ಜಿಯರ ಕಥೆಯನ್ನು ಎದುರುಬದುರು ಕೂತು ಹೇಳಿಕೊಂಡರೆ 'ಪಾಪ' ಎನ್ನುವವರು ಯಾರು, ಅನ್ನಿಸಿಕೊಳ್ಳುವವರು ಯಾರು?

ವಿಷಾದವೆಂದರೆ, ಶಾಲೆಗಳಲ್ಲಿ ಇಂತಹ ಮಾತುಕತೆಗಿಂತ ಶಿರವಸ್ತ್ರದ ಜಗಳವೇ ಹೆಚ್ಚು. 2010ರಲ್ಲಿ ಮ್ಯಾಡ್ರಿಡ್ ಸಮೀಪದ ಸರಕಾರಿ ಶಾಲೆಯೊಂದು ಶಿರವಸ್ತ್ರ ಧರಿಸಿದ ಹುಡುಗಿಯನ್ನು ತರಗತಿಯಿಂದ ಹೊರಗಿಟ್ಟಿತು. ಫ್ರಾನ್ಸ್ ಸರಕಾರಿ ಶಾಲೆಗಳಲ್ಲಿ ಅದನ್ನು ನಿಷೇಧಿಸಿದ ಕಾನೂನಿನ ದಿನಾಂಕ 2004ರ ಮಾರ್ಚ್ 15. ನಮ್ಮ ಹೈಕೋರ್ಟ್ ಕರ್ನಾಟಕದ ನಿಷೇಧವನ್ನು ಎತ್ತಿಹಿಡಿದದ್ದು 2022ರ ಮಾರ್ಚ್ 15ರಂದು. ದಿನಾಂಕ ಒಂದೇ ಆದದ್ದು ಕಾಕತಾಳೀಯ. ಆದರೆ ಎಲ್ಲ ಕಡೆಯೂ ಟಿವಿಗಳಲ್ಲಿ ಆ ಹುಡುಗಿಯರ ಬಗ್ಗೆ ಮಾತಾಡಿದವರು ಹೆಚ್ಚು, ಅವರೊಂದಿಗೆ ಮಾತಾಡಿದವರು ಕಡಿಮೆ. ಅವರ ಪರವಾಗಿ ಮಾತಾಡಿದ ನಮ್ಮ ಮುಖಂಡರನ್ನೂ ಈ ಮಾತಿನಿಂದ ಹೊರಗಿಡಲಾಗದು.

ಮೊರೊಕ್ಕೊದಲ್ಲೂ ಎಲ್ಲ ಸರಿಹೋಗಿಲ್ಲ. 18 ತುಂಬದ ಹುಡುಗಿಯ ಮದುವೆಗೆ ನ್ಯಾಯಾಧೀಶರು ವಿಶೇಷ ಅನುಮತಿ ನೀಡಬಹುದೆಂಬ ಕಿಂಡಿಯನ್ನು 2004ರ ಕಾನೂನು ಉಳಿಸಿಕೊಂಡಿತು. ಅದರ ಮೂಲಕ ಸಾವಿರಾರು ಮದುವೆಗಳು ನಡೆದವು. ತರಗತಿಯಲ್ಲಿ ಇದನ್ನೂ ಮುಚ್ಚಿಡಬೇಕಾಗಿಲ್ಲ. ಮುಚ್ಚಿಟ್ಟು ಹೇಳಿದ ಹೆಗ್ಗಳಿಕೆಯನ್ನು ಗೆಳತಿಯರು ನಂಬುವುದೂ ಇಲ್ಲ.

ಮುಂದಿನ ಬಾರಿ ಮಗಳೊಂದಿಗೆ ಸೂರಃ ಅಲ್ ಅಹ್‌ಝಾಬ್ ಓದಲು ಕೂತಾಗ 35ನೇ ಸೂಕ್ತದ ಬಳಿ ಸ್ವಲ್ಪ ನಿಲ್ಲಿ. ಉಮ್ಮು ಸಲಮಾ(ರ) ಏನು ಕೇಳಿದ್ದರೆಂದು ಮೊದಲು ಹೇಳಿ. ಆಮೇಲೆ, 'ನಿನಗೆ ಏನಾದರೂ ಕೇಳಲಿಕ್ಕಿದೆಯೇ?' ಎಂದು ಅವಳನ್ನೂ ಕೇಳಿ.