ಗೋಬಿಯ ಕೆಂಪು

ಕೆಲವು ತಿಂಗಳ ಹಿಂದೆ ಸೊರಬದ ಒಂದು ಸಭೆಯಲ್ಲಿ ಮಹನೀಯರೊಬ್ಬರು ನಮ್ಮ ಆಹಾರ ಸಂಸ್ಕೃತಿಯ ಮೇಲೆ ಭಾಷಣ ಮಾಡಿದರು. ಕಡುಬು, ತಂಬುಳಿ, ತೊಡೆದೇವುಗಳನ್ನು ಬಾಯ್ತುಂಬ ಹೊಗಳಿ, ಕೊನೆಗೆ, “ಇವೆಲ್ಲವನ್ನೂ ನುಂಗಿ ನೀರು ಕುಡಿದದ್ದು ಚೀನಾದಿಂದ ಬಂದ ಗೋಬಿ ಮಂಚೂರಿ!” ಎಂದು ಮೇಜು ಗುದ್ದಿದರು. ಚಪ್ಪಾಳೆ ಬಿತ್ತು. ಸಭೆ ಮುಗಿದು ಅರ್ಧ ಗಂಟೆ ಆಗಿರಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಐದಾರು ಮಂದಿಯನ್ನು ನಾನು ಅದೇ ಗೋಬಿಯ ತಟ್ಟೆಯ ಮುಂದೆ ಕಂಡೆ. ಅಲ್ಲಿಗೆ ನಾನೇಕೆ ಹೋಗಿದ್ದೆನೆಂದು ಓದುಗರು ಕೇಳಬೇಕಾಗಿಲ್ಲ.

ನಾನು ಹೋಗುವುದು ನಮ್ಮ ಬೀದಿಯ ಒಂದು ಕಾಫಿ ಹೋಟೆಲಿಗೆ. ಹೋಟೆಲೆಂದರೆ ನಾಲ್ಕು ಮೇಜು, ಒಂದು ಗಲ್ಲಾ, ಗೋಡೆಗೆ ಒಂದು ದೇವರ ಪಟ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಮಾಣಿ ಬೇರೆ ಇಲ್ಲ. ಬೆಳಗ್ಗೆ ಇಡ್ಲಿ, ಅವಲಕ್ಕಿ, ಕಾಫಿ. ಸಂಜೆ ಐದಾದರೆ ಅದೇ ಒಲೆಯ ಮೇಲೆ ದೊಡ್ಡ ಬಾಣಲೆ ಏರುತ್ತದೆ. ಆಕೆ ಹೂಕೋಸನ್ನು ಬಿಡಿಸಿ, ಉಪ್ಪು ಅರಿಶಿನ ಹಾಕಿದ ಬಿಸಿನೀರಿನಲ್ಲಿ ಅದ್ದಿ ಹುಳು ನೋಡುತ್ತಾಳೆ. ಆತ ಮೈದಾಹಿಟ್ಟು, ಜೋಳದ ಪಿಷ್ಟಗಳ ಹಿಟ್ಟಿನಲ್ಲಿ ಅದನ್ನು ಹೊರಳಿಸಿ ಕರಿಯುತ್ತಾನೆ. ಮತ್ತೆ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಸೋಯಾ ಸಾಸುಗಳೊಡನೆ ಹುರಿದು, ಕೊತ್ತಂಬರಿ ಉದುರಿಸಿ ಕೊಡುತ್ತಾನೆ. ಮೂಲೆಯ ಮೇಜಿನಲ್ಲಿ ಅವರ ಮಗಳು ಶಾಲೆಯ ಪಾಠ ಬರೆಯುತ್ತಿರುತ್ತಾಳೆ.

ಇದರಲ್ಲಿ ಚೀನಾ ಎಲ್ಲಿದೆ? ಮಂಚೂರಿಯಾ ಎಂಬುದು ಚೀನಾದ ಈಶಾನ್ಯದ ನಾಡು, ನಿಜ. ಆದರೆ ಆ ನಾಡಿನವರಿಗೆ ಈ ತಿಂಡಿಯ ಹೆಸರೇ ಗೊತ್ತಿರಲಿಲ್ಲ. ೧೯೭೫ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡಿಗೆಮನೆಯಲ್ಲಿ, ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ವಂಶದ ನೆಲ್ಸನ್ ವಾಂಗ್ ಎಂಬ ಅಡಿಗೆಯವರು, ಹೊಸದೇನಾದರೂ ಕೊಡಿ ಎಂದವರಿಗೆ ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸು ಹಾಕಿ ಕೋಳಿಯನ್ನು ಬೇಯಿಸಿಕೊಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ಕೋಳಿ ತಿನ್ನದವರಿಗಾಗಿ ಅದರ ಸ್ಥಾನಕ್ಕೆ ಹೂಕೋಸು ಬಂತು. ಹುಟ್ಟಿದ್ದು ಭಾರತದಲ್ಲಿ, ಬೆಳೆದದ್ದು ನಮ್ಮ ಬಸ್ ನಿಲ್ದಾಣಗಳ ಪಕ್ಕದಲ್ಲಿ. ಇನ್ನು ಪರದೇಶದ ಮಾತನ್ನೇ ಹಿಡಿದರೆ, ಹೂಕೋಸು ಇಂಗ್ಲಿಷರ ಕಾಲದಲ್ಲಿ ಬಂದದ್ದು. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಭಾಷಣಕ್ಕೆ ಮುಂಚೆ ಮಹನೀಯರು ಕುಡಿದ ಕಾಫಿ ಯೆಮನ್ ದೇಶದಿಂದ ಬಾಬಾ ಬುಡನ್ನರ ಜೋಳಿಗೆಯಲ್ಲಿ ಬಂತೆಂದು ನಮ್ಮ ಜನ ಹೇಳುತ್ತಾರೆ. ಬಂದವರನ್ನೆಲ್ಲ ಹೊರಗೆ ಹಾಕಿದರೆ ನಮ್ಮ ಅಡಿಗೆಮನೆಯಲ್ಲಿ ಉಳಿಯುವವರು ಬಹಳ ಮಂದಿಯಲ್ಲ.

ಆದ್ದರಿಂದ ಗೋಬಿಯ ಮೇಲಿನ ಈ ಆರೋಪವನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಮೇಲೆ ಇನ್ನೊಂದು ಆರೋಪವಿದೆ, ಅದು ನಿಜವಾದದ್ದು. ಅದರಲ್ಲಿ ಅಪರಾಧಿ ಗೋಬಿಯಲ್ಲ.

೨೦೨೪ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ರಾಜ್ಯದಲ್ಲಿ ಪರೀಕ್ಷೆಗೆ ತೆಗೆದ ೧೭೧ ಮಾದರಿಗಳಲ್ಲಿ ೧೦೭ರಲ್ಲಿ ಸಲ್ಲದ ಬಣ್ಣವಿತ್ತು. ತಪ್ಪಿದವರಿಗೆ ವರ್ಷಗಟ್ಟಲೆ ಸೆರೆಮನೆ, ಹತ್ತು ಲಕ್ಷ ರೂಪಾಯಿಯವರೆಗೆ ದಂಡ. ಪತ್ರಿಕೆಗಳಲ್ಲಿ ‘ಗೋಬಿ ನಿಷೇಧ’ ಎಂದು ದಪ್ಪಕ್ಷರದಲ್ಲಿ ಬಂತು. ನಿಷೇಧವಾದದ್ದು ಬಣ್ಣ, ಗೋಬಿಯಲ್ಲ. ಆದರೆ ಅಷ್ಟು ಸಣ್ಣ ವ್ಯತ್ಯಾಸವನ್ನು ಓದುವ ತಾಳ್ಮೆ ಯಾರಿಗಿದೆ?

ಅದಾದ ಮೇಲೆ ಒಂದು ಸಂಜೆ ನಾನು ಹೋದಾಗ ತಟ್ಟೆಯಲ್ಲಿ ಬಂದದ್ದು ಕಂದುಬಣ್ಣದ ಗೋಬಿ. ನಾನು ಕೇಳಿದೆ: “ಏನಯ್ಯಾ, ಬಣ್ಣವೇ ಇಲ್ಲ? ನಿನ್ನೆಯದೋ?”

“ಬಣ್ಣ ಹಾಕೋದು ಬಿಟ್ಟೀವಿ ಮೇಷ್ಟ್ರೇ, ಸರ್ಕಾರದ ಆರ್ಡರು. ಆದ್ರೆ ಗಿರಾಕಿಗಳ ಆರ್ಡರು ಬೇರೆ ಅದೆ. ಎಲ್ಲಾರೂ ನಿಮ್ಮ ಹಾಗೇ ಕೇಳ್ತಾರೆ.”

ಕೆಂಪು ಗೋಬಿ ಇನ್ನೂ ಸಿಗುವ ಕಡೆಗೆ ಹುಡುಗರು ಹೋಗತೊಡಗಿದ್ದರು. ಅಂದು ನಾಲ್ಕು ಮೇಜುಗಳಲ್ಲಿ ಮೂರು ಖಾಲಿ. ನನಗೆ ಸಿಟ್ಟು ಬಂತು. ಆ ಹುಡುಗರ ಮೇಲೆ ನಾಲ್ಕು ಮಾತು ಆಡಿದೆ. ಆಗ ಒಳಗಿಂದ ಆಕೆ ಹೇಳಿದಳು: “ಬಣ್ಣ ನಮಗೇನು ಬೇಕಾಗಿತ್ತಾ ಮೇಷ್ಟ್ರೇ? ನೀವು ಕೇಳಿದ್ರಿ, ನಾವು ಹಾಕಿದ್ವಿ. ನಮ್ಮ ಮಗಳಿಗೆ ಮಾತ್ರ ಯಾವತ್ತೂ ಬೇರೆಯಾಗೇ ಮಾಡಿಕೊಡ್ತಿದ್ದೆ.”

ಮಗಳು ತಲೆಯೆತ್ತದೆ ಬರೆಯುತ್ತಿದ್ದಳು. ನಾನು ತಟ್ಟೆ ಮುಗಿಸಿ, ಹಣ ಕೊಟ್ಟು, ಮಾತಿಲ್ಲದೆ ಎದ್ದು ಬಂದೆ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತನ್ನ ಮಗುವಿಗೆ ಕೊಡದ್ದನ್ನು ಊರವರ ಮಕ್ಕಳಿಗೆ ಕೊಟ್ಟದ್ದು ತಪ್ಪು, ಅದನ್ನು ಮುಚ್ಚಿಡಲಾರೆ. ಆದರೆ ಕೊಡುವಂತೆ ಮಾಡಿದವರು ಯಾರು? ಕೆಂಪಿದ್ದರೆ ರುಚಿ, ಕೆಂಪಿಲ್ಲದಿದ್ದರೆ ಹಳಸಲು ಎಂದು ತೀರ್ಪು ಕೊಟ್ಟ ನ್ಯಾಯಾಧೀಶರು ನಾವೇ. ಸೊರಬದ ಗುಡಿಗಾರರ ಗಂಧದ ಕೆತ್ತನೆಗೆ ಯಾರಾದರೂ ಕೆಂಪು ಬಣ್ಣ ಬಳಿದು ತಂದರೆ, ಮೋಸವೆಂದು ಅಂಗಡಿಯಿಂದ ಇಳಿದು ಬರುತ್ತೇವೆ. ಹೊಟ್ಟೆಗೆ ಹೋಗುವುದರಲ್ಲಿ ಮಾತ್ರ ಬಳಿದದ್ದೇ ಬೇಕು!

ಇದಕ್ಕಿಂತ ದೊಡ್ಡ ನಾಚಿಕೆಗೇಡು ಇನ್ನೊಂದಿದೆ. ನಮ್ಮ ನೆರೆಯ ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಇದೆ. ಅಲ್ಲಿನ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಬಣ್ಣದ ಸತ್ತ್ವವನ್ನು ತೆಗೆದು ಆಹಾರಕ್ಕೆ ಬೆರೆಸಲು ಪರದೇಶಗಳಿಗೂ ಕಳಿಸುತ್ತಾರೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಹೊರಗಿನವರು ನಮ್ಮ ಮೆಣಸಿನಕಾಯಿಯ ಕೆಂಪನ್ನು ಹಣ ಕೊಟ್ಟು ಒಯ್ಯುವಾಗ, ನಾವು ಪೊಟ್ಟಣದ ಕೆಂಪನ್ನು ತಿನ್ನುತ್ತಿದ್ದೇವೆ. ನೆನೆಸಿ ಅರೆದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಗೋಬಿಗೆ ಬೇಕಾದಷ್ಟು ಕೆಂಪು ಕೊಡುತ್ತದೆ. ಪೊಟ್ಟಣದಷ್ಟು ಅಗ್ಗವಲ್ಲ, ಅಷ್ಟು ಉಜ್ಜ್ವಲವೂ ಅಲ್ಲ. ತಟ್ಟೆಗೆ ಕೆಲವು ರೂಪಾಯಿ ಹೆಚ್ಚು ಬೀಳಬಹುದು. ಸಂಸ್ಕೃತಿಯ ಹೆಸರಿನಲ್ಲಿ ಮೇಜು ಗುದ್ದುವವರು ಆ ಕೆಲವು ರೂಪಾಯಿಯನ್ನು ಕೊಡಲಿ.

ಅಧಿಕಾರಿಗಳಿಗೂ ನನ್ನದೊಂದು ಅರಿಕೆ. ಹೋಟೆಲಿನವನ ಬಾಣಲೆಯನ್ನು ಪರೀಕ್ಷಿಸಿ, ಖಂಡಿತ ಬೇಡವೆನ್ನುವುದಿಲ್ಲ. ಆದರೆ ಆ ಪೊಟ್ಟಣ ಅವನ ಕೈಗೆ ಬರುವ ಮುನ್ನ ಕುಳಿತಿದ್ದ ಅಂಗಡಿಯನ್ನೂ ಹೊಕ್ಕು ನೋಡಿ. ಆಜ್ಞೆ ಪಾಲಿಸಿದವನ ಮೇಜು ಖಾಲಿಯಾಗಿ, ಪಾಲಿಸದವನ ಮುಂದೆ ಸಾಲು ನಿಂತರೆ, ಆ ಆಜ್ಞೆ ಪ್ರಾಮಾಣಿಕನ ಮೇಲೆ ಹಾಕಿದ ದಂಡವಾಗುತ್ತದೆ.

ನಾನೀಗ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕಂದುಬಣ್ಣದ ಗೋಬಿಯನ್ನೇ ತಿನ್ನುತ್ತೇನೆ. ಮೊನ್ನೆ ಆಕೆ ನನ್ನ ಬಾಣಲೆಯಿಂದಲೇ ಒಂದು ಸೌಟು ತೆಗೆದು ಮಗಳ ತಟ್ಟೆಗೂ ಹಾಕಿದಳು. ಮಹನೀಯರು ಇನ್ನೊಮ್ಮೆ ಸೊರಬಕ್ಕೆ ಬಂದರೆ ಅದೇ ಬಾಣಲೆಯ ಮೂರನೆಯ ತಟ್ಟೆ ಅವರದು. ಹಣ ನಾನು ಕೊಡುತ್ತೇನೆ.