ಕಣ್ಣಿದೆ, ಕೈ ಎಲ್ಲಿ?

ಜನ ಸೇರುವ ಜಾಗಗಳಲ್ಲಿ ಇನ್ನು ಬುದ್ಧಿಯುಳ್ಳ ಕ್ಯಾಮರಾಗಳೇ ಕಾವಲು ಕಾಯುತ್ತವೆ ಎಂದು ಅಧಿಕಾರಿಗಳು ಹೇಳುತ್ತ ಬಂದಿದ್ದಾರೆ. ಇವು ಬರೀ ಚಿತ್ರ ಹಿಡಿಯುವುದಿಲ್ಲ. ಹಿಂದಿರುವ ಕಂಪ್ಯೂಟರು ತಲೆ ಎಣಿಸುತ್ತದೆ, ದಟ್ಟಣೆ ಅಳೆಯುತ್ತದೆ, ಮಿತಿ ಮೀರಿದರೆ ಕಂಟ್ರೋಲ್ ರೂಮಿಗೆ ಎಚ್ಚರಿಕೆ ಕೊಡುತ್ತದೆ. ಯಂತ್ರವೆಂದೊಡನೆ ಮುಖ ತಿರುಗಿಸುವವರು ನಾವಲ್ಲ. ಮಗ್ಗದ ಮುಂದೆ ನಿಂತು ಬಾಳುವ ನಮ್ಮ ಓದುಗರೂ ಅಲ್ಲ. ಎಚ್ಚರಿಕೆ ಬಂದ ಮೇಲೆ ಕುರ್ಚಿಯಿಂದ ಏಳುವವರು ಯಾರು ಎಂಬುದಷ್ಟೇ ನಮ್ಮ ಪ್ರಶ್ನೆ.

ಪತ್ರಿಕೆಗಳು 'ಕಾಲ್ತುಳಿತ' ಎಂದು ಬರೆಯುತ್ತವೆ. ವಾಸ್ತವವಾಗಿ ಇಂಥಲ್ಲಿ ಸಾಯುವವರಲ್ಲಿ ಬಹಳ ಮಂದಿ ತುಳಿತದಿಂದಲ್ಲ, ಉಸಿರು ಕಟ್ಟಿ ಸಾಯುತ್ತಾರೆ. ಒಂದು ಚದರ ಮೀಟರಿನಲ್ಲಿ, ಅಂದರೆ ತಳ್ಳುಗಾಡಿ ನಿಲ್ಲುವ ಜಾಗದ ಸುಮಾರು ಅರ್ಧದಲ್ಲಿ, ಐದು ಜನಕ್ಕಿಂತ ಹೆಚ್ಚಾದರೆ ಅಪಾಯ ಶುರು. ಆರೇಳು ಜನವಾದರೆ ಯಾರೂ ತಮ್ಮ ಇಚ್ಛೆಯಂತೆ ನಡೆಯಲಾರರು. ಗುಂಪೇ ನೀರಿನಂತೆ ಹೊಯ್ದಾಡುತ್ತದೆ, ಎದೆ ಹಿಗ್ಗಲು ಎಡೆಯಿರುವುದಿಲ್ಲ. ಹಿಂದಿದ್ದವನಿಗೆ ಮುಂದಿನವನ ಸಂಕಟ ಕಾಣದು, ನೂಕುತ್ತಲೇ ಇರುತ್ತಾನೆ. ಮೇಲಿನ ಕ್ಯಾಮರಾಕ್ಕೆ ಅದು ಕಾಣುತ್ತದೆ. ಈ ಉಪಯೋಗವನ್ನು ನಾವು ಒಪ್ಪುತ್ತೇವೆ.

ಆದರೆ ಕಂಡದ್ದರಿಂದ ಏನಾಯಿತು? 2025ರ ಜನವರಿ 29ರಂದು ಪ್ರಯಾಗದ ಕುಂಭಮೇಳದಲ್ಲಿ ಇಂಥದೇ ಕ್ಯಾಮರಾಗಳಿದ್ದವು. ಅವುಗಳ ಪ್ರಚಾರವೂ ಬೇಕಾದಷ್ಟು ನಡೆದಿತ್ತು. ಮೌನಿ ಅಮಾವಾಸ್ಯೆಯ ಆ ನಸುಕಿನಲ್ಲಿ 30 ಮಂದಿ ಸತ್ತರೆಂದು ಸರ್ಕಾರವೇ ಹೇಳಿತು. ಬೆಳಗಾವಿಯಿಂದ ಹೋದವರೂ ಅವರಲ್ಲಿದ್ದರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಜೀವ ಹೋಯಿತು. ಆ ನಗರದಲ್ಲಿ 'ಸೇಫ್ ಸಿಟಿ' ಯೋಜನೆಯ ಏಳು ಸಾವಿರಕ್ಕೂ ಹೆಚ್ಚು ಕ್ಯಾಮರಾಗಳಿದ್ದವು. ಸುಮಾರು 35,000 ಜನ ಹಿಡಿಸುವ ಮೈದಾನಕ್ಕೆ ಎರಡು ಲಕ್ಷಕ್ಕೂ ಮೇಲೆ ಜನ ಹೊರಟಿದ್ದನ್ನು ತಿಳಿಯಲು ಕಂಪ್ಯೂಟರೇನೂ ಬೇಕಿರಲಿಲ್ಲ. ಮೆಟ್ರೋ ರೈಲುಗಳು ಕಾಲಿಡಲು ಜಾಗವಿಲ್ಲದಂತೆ ಬರುತ್ತಿದ್ದವು.

ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ 2022ರ ಅಕ್ಟೋಬರ್ 29ರ ರಾತ್ರಿ ಒಂದು ಇಕ್ಕಟ್ಟಿನ ಓಣಿಯಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಅನಾಹುತಕ್ಕೆ ಮೂರೂವರೆ ಗಂಟೆ ಮೊದಲಿನಿಂದಲೇ ಜನ ಪೊಲೀಸರಿಗೆ ಫೋನು ಮಾಡಿ ಗೋಳಿಟ್ಟಿದ್ದರು. ಮನುಷ್ಯರ ಕೂಗಿಗೆ ಏಳದ ಕಚೇರಿ ಯಂತ್ರದ ಗಂಟೆಗೆ ಏಳುತ್ತದೆಂದು ಯಾವ ನೆಚ್ಚಿಕೆಯ ಮೇಲೆ ನಂಬೋಣ?

ಮುಂಬಯಿಯ ಪರೇಲಿನ ಕಥೆ ಗಿರಣಿಯವರಿಗೆ ಇನ್ನೂ ಹತ್ತಿರದ್ದು. ಗಿರಣಿಗಳು ಮುಚ್ಚಿ ಆ ನೆಲದ ಮೇಲೆ ಗಾಜಿನ ಕಚೇರಿಗಳೆದ್ದವು, ಸಾವಿರಾರು ನೌಕರರು ಬಂದಿಳಿಯತೊಡಗಿದರು, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆ ಮಾತ್ರ ಹಳೆಯ ಅಗಲದಲ್ಲೇ ಉಳಿಯಿತು. ಪ್ರಯಾಣಿಕರು ವರ್ಷಗಟ್ಟಲೆ ದೂರಿದರು. 2017ರ ಸೆಪ್ಟೆಂಬರ್ 29ರ ಮಳೆಯ ಬೆಳಿಗ್ಗೆ 23 ಜನ ಅಲ್ಲಿ ಸತ್ತ ಮೇಲೆ ಹೊಸ ಸೇತುವೆ ಕಟ್ಟಲು ಸೈನ್ಯವನ್ನು ಕರೆಸಿದರು! ಆ ಮೆಟ್ಟಿಲಿಗೆ ಬೇಕಿದ್ದದ್ದು ಅಗಲ.

ಇನ್ನೊಂದು ಮಾತು. ತಲೆ ಎಣಿಸುವ ಯಂತ್ರಕ್ಕೆ ಆ ತಲೆ ಯಾರದೆಂದು ತಿಳಿಯಬೇಕಾಗಿಲ್ಲ. ಆದರೂ ಸುರಕ್ಷತೆಯ ಹೆಸರಿನಲ್ಲಿ ಮುಖ ಗುರುತಿಸುವ ಏರ್ಪಾಡೂ ಜೊತೆಗೇ ನುಸುಳುತ್ತದೆ. ಜಾತ್ರೆಯಲ್ಲಿ ಜನರನ್ನೆಣಿಸುವ ಕಣ್ಣು ನಾಳೆ ಗಿರಣಿಯ ಗೇಟಿನ ಸಭೆಯಲ್ಲಿ ಯಾರು ಭಾಷಣ ಮಾಡಿದರು, ಸಂತೆಯಲ್ಲಿ ಯಾವ ತಳ್ಳುಗಾಡಿಯವನು ತಕರಾರು ತೆಗೆದ ಎಂದು ಬರೆದಿಡಲಾರದೆ? 2023ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಸರ್ಕಾರಕ್ಕೆ ತನ್ನದೇ ಸಂಸ್ಥೆಗಳನ್ನು ಅದರ ಕಟ್ಟಳೆಯಿಂದ ಹೊರಗಿಡುವ ಅಧಿಕಾರ ಕೊಟ್ಟಿದೆ. ಅಂದಮೇಲೆ ದೂರು ಕೊಂಡು ಯಾರ ಬಾಗಿಲಿಗೆ ಹೋಗಬೇಕು?

ಕ್ಯಾಮರಾ ಹಾಕುವುದಾದರೆ ಹಾಕಲಿ. ತಲೆ ಎಣಿಸಲಿ, ಮುಖ ಕೇಳದಿರಲಿ. ದಟ್ಟಣೆ ಯಾವ ಮಿತಿ ಮುಟ್ಟಿದರೆ ಯಾವ ಅಧಿಕಾರಿ ಗೇಟು ತೆರೆಸಬೇಕು, ಉತ್ಸವ ನಿಲ್ಲಿಸಬೇಕು ಎಂಬುದನ್ನು ಅವನ ಹುದ್ದೆಯ ಸಮೇತ ಮುಂಚಿತವಾಗಿ ಊರಿಗೆ ಪ್ರಕಟಿಸಲಿ. ಮಂತ್ರಿಗಳ ಸನ್ಮಾನ ನಡೆಯುತ್ತಿದ್ದರೂ ನಿಲ್ಲಿಸುವ ಅಧಿಕಾರ ಅವನಿಗಿರಲಿ. ಟೆಂಡರು ಕರೆಯುವ ಮೊದಲು ಬಸ್ ನಿಲ್ದಾಣದ, ಸಂತೆ ಮೈದಾನದ ಬಾಗಿಲುಗಳ ಅಗಲವನ್ನು ಒಮ್ಮೆ ಟೇಪು ಹಿಡಿದು ಅಳೆಸಲಿ.