ತಲೆ ಬಾಗಿದರೆ ಸಾಲದು, ಪಂಕ್ತಿಗೆ ಬನ್ನಿ



ಖಾನಾಪುರ, ಬೆಳಗಾವಿ ಕಡೆಯ ನಮ್ಮ ಹಾಸ್ಟೆಲ್ ಹುಡುಗರು ಬೀದರಿಗೆ ಹೋದರೆ ಗುರುನಾನಕ್ ಝೀರಾ ನೋಡಿ ಬರ್ತಾರೆ. ತಲೆಗೆ ಬಟ್ಟೆ ಕಟ್ಟಿ, ಝರಿಯ ನೀರು ಕುಡಿದು, ಲಂಗರಿನಲ್ಲಿ ಹೊಟ್ಟೆ ತುಂಬ ಉಂಡು ಬಂದು ಏನು ಹೇಳ್ತಾರೆ? "ಪುಸ್ತಕಕ್ಕ ಅಡ್ಡ ಬೀಳ್ತಾರ, ಅನ್ನದಾನ ಮಾಡ್ತಾರ, ನಮ್ಮ ಗುಡಿಯಂಗ ಅದೂ ಒಂದು ಗುಡಿ."

ಅಲ್ಲ. ದಾನ ಅಂದಮೇಲೆ ಕೊಡೋ ಕೈ ಮೇಲೆ, ತಗೊಳ್ಳೋ ಕೈ ಕೆಳಗೆ. ಲಂಗರ್ ದಾನವಲ್ಲ. ಇಂದು ಬಡಿಸಿದವನು ನಾಳೆ ಅದೇ ನೆಲದ ಮೇಲೆ ಕೂತು ಉಣ್ಣಬೇಕು. ಮೂರನೆಯ ಗುರು ಅಮರದಾಸರು ತಮ್ಮನ್ನು ನೋಡಬಂದವರಿಗೆ ಮೊದಲು ಪಂಕ್ತಿ, ಆಮೇಲೆ ಭೇಟಿ ಎಂಬ ಕಟ್ಟಳೆ ಹಾಕಿದರು. ಯಾಕೆ? ಜಾತಿ ಇರೋದು ಪುರಾಣದಲ್ಲಿ ಮಾತ್ರ ಅಲ್ಲ, ಊಟದ ಸಾಲಿನಲ್ಲಿ. ನಾನಕರು ಕಲ್ಲು ಸರಿಸಿದ್ದಕ್ಕೆ ಝರಿ ಚಿಮ್ಮಿತು ಅನ್ನೋ ಕತೆಯನ್ನು ನಂಬೋರು ನಂಬಲಿ. ಕುಡಿಯುವವನ ಜಾತಿ ಕೇಳದೆ ಆ ನೀರು ಕೊಡ್ತಾರಲ್ಲ, ಅದನ್ನ ನೋಡ್ರಿ. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಿ ಏಟು ತಿಂದ ಜನ ನಾವು.

ಇನ್ನು ಅಮೃತ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದ ಐವರಲ್ಲಿ ಒಬ್ಬ ಬೀದರಿನ ಸಾಹಿಬ್ ಚಂದ್ ಎಂದು ಸಿಖ್ಖರು ಹೇಳುತ್ತಾರೆ. ಕ್ಷೌರಿಕ. ನಮ್ಮ ಕಡೆ ಹಡಪದ ಅಂತೀವಲ್ಲ, ಆ ಕಸುಬಿನವ. ಇನ್ನೊಬ್ಬ ಪುರಿಯ ನೀರು ಹೊರುವವ. ಕಬ್ಬಿಣದ ಬಟ್ಟಲಲ್ಲಿ ನೀರು, ಬತ್ತಾಸು ಹಾಕಿ ಖಡ್ಗದಿಂದ ಕದಡಿ ಐವರಿಗೂ ಅದೊಂದೇ ಬಟ್ಟಲಿನಿಂದ ಕುಡಿಸಿದರು. ಆಮೇಲೆ ಗುರುವೇ ಮಂಡಿಯೂರಿ ಆ ಐವರಿಂದ ಅದನ್ನು ಬೇಡಿ ಕುಡಿದ. ಚಹಾದಂಗಡಿಯಲ್ಲಿ ನಮಗೆ ಬೇರೆ ಲೋಟ ಇಟ್ಟ ನಾಡಿನಲ್ಲಿ ಇದರ ಅರ್ಥ ಯಾರಾದರೂ ಬಿಡಿಸಿ ಹೇಳಬೇಕೆ? ಇವತ್ತು ಕ್ಷೌರಿಕನ ಕೈಯಿಂದ ತೀರ್ಥ ಬೇಡೋ ಸ್ವಾಮಿ ಯಾರಿದ್ದಾನೆ, ತೋರಿಸ್ರಿ.

ಪುಸ್ತಕಕ್ಕೆ ಅಡ್ಡ ಬೀಳೋದು ಅಂತೀರಿ. ಆ ಗ್ರಂಥದಲ್ಲಿ ಚಮ್ಮಾರ ರವಿದಾಸರ ಪದಗಳಿವೆ, ನೇಕಾರ ಕಬೀರರವಿವೆ. ಅಥಣಿಯ ಸಮಗಾರ ಹೊಲಿದ ಚಪ್ಪಲಿ ಮೆಟ್ಟಿ ಅವನನ್ನು ಹೊಸ್ತಿಲಾಚೆ ನಿಲ್ಲಿಸೋರು, ಅದೇ ಕಸುಬಿನವನ ಮಾತಿಗೆ ಅಲ್ಲಿ ಹಣೆ ಹಚ್ಚುತ್ತಾರೆ!

ಹಾಗಂತ ಪಂಜಾಬು ಸ್ವರ್ಗ ಅಂತ ಯಾರೂ ಬುರುಡೆ ಬಿಡೋದು ಬ್ಯಾಡ. 1920ರಲ್ಲಿ ದಲಿತ ಸಿಖ್ಖರು ತಂದ ಪ್ರಸಾದವನ್ನು ಅಮೃತಸರದ ಪೂಜಾರಿಗಳು ಒಪ್ಪಲಿಲ್ಲ. ಜಗಳವಾಗಿ, ಗ್ರಂಥ ತೆರೆದು ಓದಿದ ಮೇಲೆಯೇ ಮಣಿದರು. ಪರಿಶಿಷ್ಟ ಜಾತಿಗಳ 1950ರ ಆದೇಶದಲ್ಲಿ ಮಜಹಬಿ ಸಿಖ್ಖರ ಹೆಸರು ಯಾಕಿದೆ? 2003ರಲ್ಲಿ ಜಲಂಧರ್ ಹತ್ತಿರದ ತಲ್ಹಣದಲ್ಲಿ ಆಡಳಿತ ಸಮಿತಿಯಲ್ಲಿ ಪಾಲು ಕೇಳಿದ ದಲಿತರಿಗೆ ಬಹಿಷ್ಕಾರ ಬಿತ್ತು. ಜಮೀನು ಯಾರ ಕೈಯಲ್ಲಿದೆಯೋ ಸೌಟೂ ಅವರ ಕೈಗೇ ಹೋಗ್ತದೆ. 1936ರಲ್ಲಿ ಬಾಬಾಸಾಹೇಬರು ಅಮೃತಸರದ ಸಿಖ್ ಸಮ್ಮೇಳನಕ್ಕೆ ಹೋಗಿಬಂದರು, ಆ ಧರ್ಮವನ್ನು ಗಂಭೀರವಾಗಿ ತೂಗಿ ನೋಡಿದರು. 1956ರಲ್ಲಿ ಬುದ್ಧನ ಕಡೆ ನಡೆದರು.

ಬೀದರಿಗೆ ಹೋಗ್ರಿ. ಸಾಹಿಬ್ ಸಿಂಗ್ ಯಾರು ಅಂತ ಅಲ್ಲಿ ಕೇಳ್ರಿ. ಉಂಡು ಎದ್ದು ಬರಬ್ಯಾಡ್ರಿ, ಬಡಿಸಿ, ತಾಟು ತೊಳೆದು ಬರ್ರಿ. ಊರಿಗೆ ಬಂದ ಮೇಲೆ ಜಾತ್ರೆಯ ಊಟದಲ್ಲಿ ಸೌಟು ಕೇಳ್ರಿ. ಕೊಡದಿದ್ದರೆ, ಯಾರು ಕೊಡಲಿಲ್ಲ, ಏನಂದರು ಅಂತ ಬರೆದುಕೊಂಡು ಮುಂದಿನ ಸಭೆಗೆ ತನ್ನಿ.